ಸೋಮಾರಿಸೆಟ್ಟಿ ಪಟ್ಟೆ

ಮೂಡಿಗೆರೆ ತಾಲ್ಲೂಕು ಕಚೇರಿಯ ಹಿಂದಿನ ಕೋಣೆ,
ನಾಲ್ಕನೇ ಬೀರು, ಕೆಳಗಿನ ಅರೆ.
ಗೆದ್ದಲು ತಿಂದು ಬಿಟ್ಟಷ್ಟು ನಕಾಶೆ.
ಬಟ್ಟೆಗೆ ಅಂಟಿಸಿದ ಕಾಗದ, ನೆತ್ತಿಯಲ್ಲಿ ‘ಕಡೂರು ಜಿಲ್ಲೆ’;
ಚಿಕ್ಕಮಗಳೂರಿಗೆ ಆಗಿನ್ನೂ ತನ್ನ ಹೆಸರಿನ ಜಿಲ್ಲೆ ಇರಲಿಲ್ಲ.

ಯಾವನೋ ದೊರೆ. ತನ್ನ ಸೀಮೆ ನೆನಪಾಗಿರಬೇಕು
ಅಥವಾ ಹೊಸ ಹೆಸರು ಹುಡುಕಲು ಬೇಜಾರಾಗಿರಬೇಕು.
ಕಾಫಿ ತೋಟವನ್ನು ಕೆಂಪು ಮಸಿಯಲ್ಲಿ ಹೋಳು ಮಾಡಿ
ಪಡುವಲಿಂದ ಬರೆದುಕೊಂಡು ಬಂದಿದ್ದಾನೆ:
ಕಾರ್ನ್‌ವಾಲ್, ಡೆವನ್, ಸಾಮರ್‌ಸೆಟ್, ಡಾರ್ಸೆಟ್.
ನಡುವಿನ ಹಳ್ಳಕ್ಕೆ ಎಕ್ಸ್.

ನಕಾಶೆ ಸುತ್ತಿ ಕಂಕುಳಲ್ಲಿಟ್ಟು ಹೋದೆ,
ಕೂಲಿ ಲೈನಿನ ಮೂವತ್ತೊಂದು ಮನೆ ಅಳೆಯಲು.
ಕಂದಾಯ ಗ್ರಾಮ ಆಗಬೇಕಂತೆ, ಮೇಲಿನಿಂದ ಬಂದ ಆದೇಶ.
ಟೇಪಿನ ತುದಿ ಹಿಡಿದವಳು ದ್ಯಾವಕ್ಕ.

“ಇದು ಕಾರನವಳ್ಳಿ ಪಟ್ಟೆ.
ಅದು ದೇವನ ಪಟ್ಟೆ, ಚಪ್ಪಲಿ ಬಿಡಿ ಮೇಡಮ್ಮೋರೆ.
ಆಚೆ ದೊರೆಸೆಟ್ಟಿ, ಈಚೆ ಸೋಮಾರಿಸೆಟ್ಟಿ, ಅಣ್ಣತಮ್ಮ.
ಅಣ್ಣ ಗೇದ, ತಮ್ಮ ಮಲಗಿದ.
ಅದಕ್ಕೇ ನೋಡಿ, ಈ ಪಟ್ಟೆಯಲ್ಲಿ
ಹಣ್ಣು ಕೆಂಪಾಗೋದು ಎಲ್ಲಕ್ಕಿಂತ ಕೊನೆಗೆ.”
ನಿಜ. ಬಡಗಣ ಇಳಿಜಾರು.
ಬಿಸಿಲು ಅಲ್ಲಿಗೆ ಬರುವುದೇ ಹತ್ತರ ಮೇಲೆ.

ಎಕ್ಕದ ಹಳ್ಳ ದಾಟಿದೆವು.
ದಂಡೆಯುದ್ದಕ್ಕೂ ಒಂದು ಎಕ್ಕದ ಗಿಡ ಇಲ್ಲ.

ಹಳ್ಳದ ನಟ್ಟನಡುವೆ ಜಿಲ್ಲೆಯ ಗಡಿ.
ಹನ್ನೊಂದು ಮನೆ ಹಾಸನಕ್ಕೆ, ಇಪ್ಪತ್ತು ಚಿಕ್ಕಮಗಳೂರಿಗೆ.
ಅಕ್ಕಿ ಸಕಲೇಶಪುರದ ಕಡೆ, ವೋಟು ಮೂಡಿಗೆರೆ ಕಡೆ,
ಹೆರಿಗೆ, ಮೊದಲು ಜೀಪು ಸಿಕ್ಕ ಕಡೆ.
ದ್ಯಾವಕ್ಕನ ಒಂದೇ ಹೊಟ್ಟೆಯ ಎರಡು ಮಕ್ಕಳು
ಎರಡು ಜಿಲ್ಲೆಯವು.

ಬುತ್ತಿ ಬಿಚ್ಚಿದಾಗ ಫೋನಿನಲ್ಲಿ ಆ ಸೀಮೆ ನೋಡಿದೆ.
ಸೇಬಿನ ತೋಟ, ಬೇಲಿಯೊಳಗೆ ಕುರಿ,
ಉಬ್ಬರದ ಕಡಲಿಗಿಂತ ತಗ್ಗಾದ ಹುಲ್ಲುಗಾವಲು,
ನೀರನ್ನು ಆಚೆ ಎತ್ತಿ ಹಾಕಲು ಪಂಪು, ಪಂಪಿಗೊಂದು ಮಂಡಳಿ,
ಮಂಡಳಿಯ ಮೇಲೆ ಇನ್ನೊಂದು.
ಅವರ ಎಕ್ಸ್ ಹುಟ್ಟುವುದು ಒಂದು ಜಿಲ್ಲೆಯಲ್ಲಿ, ಕಡಲು ಕಾಣುವುದು ಇನ್ನೊಂದರಲ್ಲಿ.
ನಮ್ಮ ಹೇಮಾವತಿಗೆ ತವರು ಇಲ್ಲಿ, ಅಣೆಕಟ್ಟು ಅಲ್ಲಿ, ಹಾಗೆ.
ಅಲ್ಲೂ ಗಡಿಗೆರೆ ಅಳಿಸಿ ಬರೆದರಂತೆ,
ಜನ ಹಳೇ ವಿಳಾಸವನ್ನೇ ಬರೆಯುತ್ತ ಹೋದರಂತೆ.
ಅಲ್ಲೂ ನನ್ನಂಥವಳೊಬ್ಬಳು ಇರಬೇಕು,
ಬೂಟಿಗೆ ಕೆಸರು ಮೆತ್ತಿಕೊಂಡು, ಬೇಲಿ ಹಿಡಿದು ನಿಂತ ಮುದುಕಿಯನ್ನು
“ಈ ಹಳ್ಳಕ್ಕೆ ಏನಂತೀರಿ ಅಜ್ಜಿ?” ಎನ್ನುವವಳು.

ನಮೂನೆಯ ಮೊದಲ ಕಾಲಂ: ಗ್ರಾಮದ ಹೆಸರು.
ಲೋಕಪ್ಪ ರೈಟರು ಕೆಮ್ಮಿದರು.
“ಸೋಮಾರಿ ಅಂತ ಸರ್ಕಾರದ ಪುಸ್ತಕದಲ್ಲಿ ಬೇಡ ಮೇಡಂ.
ಶಾಂತಿನಗರ ಅನ್ನಿ, ಚೆನ್ನಾಗಿರ್ತದೆ.”
ದ್ಯಾವಕ್ಕ ಎಲೆಅಡಿಕೆ ಉಗಿದು ಬಂದಳು.
“ನಾವು ನಾಲ್ಕೂವರೆಗೆ ಏಳೋರು.
ಊರಾದರೂ ಮಲಗಲಿ ಬಿಡಿ.”

ಹೇಳಿಬಿಡಬೇಕು ಅನ್ನಿಸಿತ್ತು:
ಸೆಟ್ಟಿ ಇರಲಿಲ್ಲ ದ್ಯಾವಕ್ಕ, ಅಣ್ಣನೂ ಇಲ್ಲ,
ದೇವನ ಪಟ್ಟೆಯಲ್ಲಿ ದೇವರೂ.
ಸಿಲ್ವರ್ ಮರದ ಬುಡದಲ್ಲಿ ಮೊಣಕಾಲೆತ್ತರದ ಕಲ್ಲು, ಹಸಿ ಅರಿಶಿನ,
ಎದುರಿಗೆ ಎರಡು ಬೀಡಿ, ಒಂದು ಬೆಂಕಿಪೊಟ್ಟಣ.
ಎದ್ದರೆ ಬೇಕಾಗ್ತದಲ್ಲ, ಅಂತ ಇಟ್ಟದ್ದು.
ನಕಾಶೆಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿದೆ.

ಕನ್ನಡದಲ್ಲಿ ಹೆಸರು ತುಂಬಿದೆ.
ಇಂಗ್ಲಿಷಿನಲ್ಲೂ ತುಂಬಿ, ಅಂದಿತು ಕಂಪ್ಯೂಟರು.
ಎಸ್. ಓ. ಎಮ್.
ಇಲ್ಲಿಯವರೆಗೆ ದೊರೆಗೂ ಸೆಟ್ಟಿಗೂ ಒಂದೇ ದಾರಿ.
ನಾಲ್ಕನೆಯದು ‘ಇ’ ಒತ್ತಿದರೆ ಅವನು ಏಳುತ್ತಾನೆ.
‘ಎ’ ಒತ್ತಿದೆ.
ಮಲಗಲಿ.